ಮೂರು ಕೆ.ಜಿ. ರಾಗಿಗೆ ಮೂರು ಕೋಟಿ

ನಮ್ಮ ಚಿಕ್ಕಪ್ಪನದು ಹಿಟ್ಟಿನ ಗಿರಣಿ. ರಾಗಿ, ಗೋಧಿ, ಅಕ್ಕಿ, ಮೆಣಸಿನಕಾಯಿ ಎಲ್ಲ ಬೀಸಿ ಕೊಡುತ್ತಾರೆ. ತೂಕ ನೋಡಿ ಬಾಯಲ್ಲೇ ಲೆಕ್ಕ ಹೇಳುತ್ತಿದ್ದವರಿಗೆ ಅರವತ್ತು ದಾಟಿದ ಮೇಲೆ ಅಲ್ಲಲ್ಲಿ ತಪ್ಪತೊಡಗಿತು. ಮನೆಯಲ್ಲಿ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಒಂದು ಬಿದ್ದಿತ್ತು. "ಇದರಲ್ಲೇ ಏನಾದ್ರೂ ಮಾಡಿಕೊಡೋ" ಅಂದರು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಕಿಟಕಿ-ಬಟನ್‌ಗಳನ್ನು ಮಾಡಿಕೊಡುವ ಟಿಕಿಂಟರ್ ಹಿಡಿದೆ. ಬೇಕಾಗಿದ್ದ ವಿಜೆಟ್‌ಗಳು (ಕಿಟಕಿಯಲ್ಲಿ ಕೂರುವ ತುಣುಕುಗಳು) ನಾಲ್ಕೇ ಬಗೆ: ಬರಹಕ್ಕೆ ಲೇಬಲ್, ತೂಕ ತುಂಬಲು ಎಂಟ್ರಿ, ಧಾನ್ಯ ಆರಿಸಲು ರೇಡಿಯೋಬಟನ್, ಒತ್ತಲು ಬಟನ್. ಪೈಥಾನ್ 3 ಕನ್ನಡ ಹೆಸರುಗಳನ್ನೂ ಒಪ್ಪುತ್ತದಲ್ಲ, ಮೊತ್ತ ಹಾಕುವ ಕೋಡಿನ ತುಂಡಿಗೆ, ಅಂದರೆ ಫಂಕ್ಷನ್‌ಗೆ, 'ಲೆಕ್ಕ' ಅಂತಲೇ ಹೆಸರಿಟ್ಟೆ.

ಮೊದಲ ಎಡವಟ್ಟು ಬಟನ್‌ನದು. ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ. ಒತ್ತಿದಾಗ ಏನು ಓಡಬೇಕೆಂದು ಹೇಳುವ ಕಮಾಂಡ್‌ಗೆ 'ಲೆಕ್ಕ' ಎಂದು ಹೆಸರಷ್ಟೇ ಕೊಡುವ ಬದಲು 'ಲೆಕ್ಕ()' ಎಂದು ಬರೆದಿದ್ದೆ. ಬಟನ್ ಹುಟ್ಟುವಾಗಲೇ ಫಂಕ್ಷನ್ ಓಡಿ ಮುಗಿದಿತ್ತು, ಒತ್ತುವಾಗ ಓಡಿಸಲು ಏನೂ ಉಳಿದಿರಲಿಲ್ಲ. ಆವರಣ ಅಳಿಸಿ, ಮೂರು ಕೆ.ಜಿ. ರಾಗಿ ಎಂದು ತುಂಬಿ ಒತ್ತಿದೆ. ದರ ಕೆ.ಜಿ.ಗೆ 8 ರೂಪಾಯಿ. ಬಂದ ಮೊತ್ತ 33333333!

ಎಂಟ್ರಿಯಿಂದ ಬರುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಅದನ್ನು 8ರಿಂದ ಗುಣಿಸಿದರೆ ಪೈಥಾನ್ '3' ಎಂಬ ಅಕ್ಷರವನ್ನು ಎಂಟು ಸಲ ಬರೆದು ಕೊಡುತ್ತದೆ. ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸಿದ ಮೇಲೆ 24 ಬಂತು. ಕನ್ನಡ ಅಂಕಿಯಲ್ಲಿ ೨.೫ ಎಂದು ತುಂಬಿದರೂ ಫ್ಲೋಟ್ ತಕರಾರಿಲ್ಲದೆ ಓದಿಕೊಳ್ಳುತ್ತದೆ. ಇದು ನನಗೇ ಗೊತ್ತಿರಲಿಲ್ಲ.

ರೇಡಿಯೋಬಟನ್‌ನಲ್ಲಿ ಜಾಣತನ ಮಾಡಲು ಹೋಗಿ ಕೆಟ್ಟೆ. ಪ್ರತಿ ಧಾನ್ಯದ ಬಟನ್‌ನ ಗುರುತಾಗಿ (ವ್ಯಾಲ್ಯೂ) ಅದರ ದರವನ್ನೇ ಇಟ್ಟಿದ್ದೆ. ರಾಗಿಗೂ ಗೋಧಿಗೂ ಒಂದೇ ದರ. ರಾಗಿ ಒತ್ತಿದರೆ ಗೋಧಿಯೂ ಆಯ್ಕೆಯಾಗಿ ಕೂರುತ್ತಿತ್ತು. ಆಮೇಲೆ ಬಟನ್‌ಗೆ ಧಾನ್ಯದ ಹೆಸರು, ದರಕ್ಕೆ ಬೇರೆ ಡಿಕ್ಷನರಿ (ಹೆಸರು-ದರಗಳ ಪಟ್ಟಿ) ಎಂದು ಮಾಡಿದೆ.

ಇನ್ನು ಒತ್ತಕ್ಷರ. ನನ್ನ ಲಿನಕ್ಸ್ ಕಂಪ್ಯೂಟರ್‌ನಲ್ಲಿ 'ಅಕ್ಕಿ' ಬಿಡಿಬಿಡಿಯಾಗಿ ಕಾಣುತ್ತಿತ್ತು. ಫಾಂಟ್ ಬದಲಿಸಿ ಬದಲಿಸಿ ಒಂದು ಸಂಜೆಯೇ ಹೋಯಿತು. ಅದೇ ಪ್ರೋಗ್ರಾಮ್ ಚಿಕ್ಕಪ್ಪನ ವಿಂಡೋಸ್‌ನಲ್ಲಿ ಏನೂ ಮುಟ್ಟದೆ ಸರಿಯಾಗಿ ಬಂತು. ಫಾಂಟಿನದೇನೂ ತಪ್ಪಿರಲಿಲ್ಲ, ಟಿಕಿಂಟರ್ ಒಳಗಿದ್ದು ಕಿಟಕಿ ಬಿಡಿಸುವ ಟಿಕೆಗೆ ಲಿನಕ್ಸ್‌ನಲ್ಲಿ ಅಕ್ಷರ ಜೋಡಿಸಲು ಬರುತ್ತಿರಲಿಲ್ಲ.

ಗಿರಣಿಗೆ ಕೊಟ್ಟ ಎರಡನೇ ದಿನವೇ ಫೋನು: "ಒತ್ತಿದ್ರೂ ಏನೂ ಆಗಲ್ಲ ಕಣೋ." ಹೋಗಿ ನೋಡಿದರೆ ತೂಕದ ಜಾಗ ಖಾಲಿ. ಖಾಲಿ ಸ್ಟ್ರಿಂಗ್ ಫ್ಲೋಟ್ ಆಗದೆ ಎರರ್ ಬರುತ್ತಿತ್ತು, ಆದರೆ ಟಿಕಿಂಟರ್ ಅದನ್ನು ಬರೆಯುವುದು ಕನ್ಸೋಲ್ ಎಂಬ ಕಪ್ಪು ಕಿಟಕಿಗೆ. ಕಪ್ಪು ಕಿಟಕಿ ಅಸಹ್ಯವೆಂದು ನಾನೇ ಕನ್ಸೋಲ್ ಇಲ್ಲದಂತೆ ಫೈಲಿಗೆ ಪಿವೈಡಬ್ಲ್ಯೂ ಎಕ್ಸ್‌ಟೆನ್ಶನ್ ಕೊಟ್ಟಿದ್ದೆ. ಈಗ ಎರರ್ ಹಿಡಿದು, ಮೊತ್ತದ ಲೇಬಲ್‌ನಲ್ಲೇ ಕೆಂಪು ಅಕ್ಷರದಲ್ಲಿ 'ತೂಕ ಹಾಕಿ' ಎಂದು ತೋರಿಸುತ್ತೇನೆ.

ಅಲ್ಲೇ ಅರ್ಧ ಗಂಟೆ ಕೂತಾಗ ಇನ್ನೊಂದು ಕಂಡಿತು. ಅವರ ಕೈತುಂಬ ಹಿಟ್ಟು. ಮೌಸ್ ಹಿಡಿಯುವ ಮುಂಚೆ ಪ್ರತಿ ಸಲ ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದರು. ಎಂಟರ್ ಕೀಲಿಗೇ 'ಲೆಕ್ಕ' ಬೈಂಡ್ ಮಾಡಿದೆ (ಕಟ್ಟಿದೆ). ಬೈಂಡ್ ಮಾಡಿದರೆ ಫಂಕ್ಷನ್‌ಗೆ ಇವೆಂಟ್ (ಯಾವ ಕೀಲಿ ಒತ್ತಿದರೆಂಬ ಮಾಹಿತಿ) ಒಂದು ಹೆಚ್ಚಿಗೆ ಬರುತ್ತದೆ, ಅದಕ್ಕೆ ಜಾಗ ಬಿಡಬೇಕು. ಎಫ್1ಕ್ಕೆ ರಾಗಿ, ಎಫ್2ಕ್ಕೆ ಗೋಧಿ ಕೊಟ್ಟೆ. ಮುಂದಿನ ಸಲ ಹೋದಾಗ ಮೌಸ್ ಕಾಣಲಿಲ್ಲ. ಕೇಳಿದರೆ, "ಅದನ್ನ ಮೊಮ್ಮಗನಿಗೆ ಆಡೋಕೆ ಕೊಟ್ಟೆ" ಅಂದರು.