ಎಲಿಕ್ಸಿರ್ ದ್ರಾವಕದ ಡೈಎಲೆಕ್ಟ್ರಿಕ್ ಸ್ಥಿರಾಂಕ ಅಳೆಯುವುದು: ನನ್ನ ಅನುಭವ

ಫಿಟ್ಸ್‌ಗೆ ಕೊಡುವ ಔಷಧ ಫಿನೋಬಾರ್ಬಿಟೋನ್ ಬರೀ ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 1 ಮಿಲಿಗ್ರಾಂ ಕರಗುತ್ತದೆ, ಅಷ್ಟೇ. 5 ಮಿಲಿಲೀಟರಿಗೆ 20 ಮಿಲಿಗ್ರಾಂ ಇರಬೇಕಾದ ಎಲಿಕ್ಸಿರ್‌ಗೆ (ಕುಡಿಯುವ ಸಿಹಿ ದ್ರವ ಔಷಧಕ್ಕೆ) ಅದು ಸಾಲದು. ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಬೆರೆಸಲೇಬೇಕು. ಮಕ್ಕಳಿಗಾಗಿ ಆಲ್ಕೋಹಾಲ್ ಇಳಿಸಿ ಗ್ಲೈಕಾಲ್ ಏರಿಸುವಾಗ, ಹೊಸ ಮಿಶ್ರಣದ ಡೈಎಲೆಕ್ಟ್ರಿಕ್ ಸ್ಥಿರಾಂಕ (ದ್ರಾವಕ ಎಷ್ಟು ಧ್ರುವೀಯ ಎಂದು ತೋರಿಸಿ, ಔಷಧ ಕರಗೀತೇ ಎಂಬ ಸುಳಿವು ಕೊಡುವ ಅಂಕೆ) ಹಳೆಯದರ ಹತ್ತಿರವಿದೆಯೇ ಎಂದು ಮೊದಲು ನೋಡುತ್ತೇನೆ.

ದ್ರವ ತುಂಬಿ ಅಳೆಯುವ ಸೆಲ್ ಅಂದರೆ ಒಂದರೊಳಗೊಂದು ಕೂರುವ ಎರಡು ಸ್ಟೀಲ್ ಕೊಳವೆ, ನಡುವೆ ಟೆಫ್ಲಾನ್ ಬಳೆ. ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅಳೆಯುವ ಎಲ್‌ಸಿಆರ್ ಮೀಟರ್ 1 ಮೆಗಾಹರ್ಟ್ಸ್‌ನಲ್ಲಿ, ಸೆಲ್ 25 ಡಿಗ್ರಿಯ ವಾಟರ್ ಬಾತ್‌ನಲ್ಲಿ. ನೀರಿನ ಸ್ಥಿರಾಂಕ 20 ಡಿಗ್ರಿಯಲ್ಲಿ 80.1, 25ರಲ್ಲಿ 78.4, ಹಾಗಾಗಿ ಉಷ್ಣಾಂಶ ನಿಲ್ಲುವ ತನಕ ಓದಬಾರದು.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ದ್ರವ ತುಂಬಿದ ಸೆಲ್‌ನ ಧಾರಕತೆ ಖಾಲಿ ಸೆಲ್‌ನದಕ್ಕಿಂತ ಎಷ್ಟು ಪಟ್ಟು ಎಂಬುದೇ ಸ್ಥಿರಾಂಕ. ಖಾಲಿ ಸೆಲ್ 6.80 ಪಿಕೊಫ್ಯಾರಡ್, ಎಥನಾಲ್ ತುಂಬಿದಾಗ 116.5 ಬಂತೆನ್ನಿ. ನೇರವಾಗಿ ಭಾಗಿಸಿದರೆ 17.1, ನಿಜವಾದ ಬೆಲೆ 24.3. ತಂತಿ, ಬಳೆಗಳ ಧಾರಕತೆಯೂ ಆ 6.80ರಲ್ಲಿ ಸೇರಿಕೊಂಡಿದೆ, ದ್ರವ ಬದಲಾದರೂ ಅದು ಬದಲಾಗದು. ನೀರು ತುಂಬಿ ಓದಿ: 371. ಆಗ (371 − 6.8) ÷ 77.4 (ನೀರಿನ 78.4ರಿಂದ ಗಾಳಿಯ 1 ಕಳೆದದ್ದು) = 4.71 ಸೆಲ್‌ನ ಸ್ವಂತದ್ದು, ಉಳಿದ 2.09 ತಂತಿಯದ್ದು. ಮೊದಲು 2.09 ಕಳೆದು, ಆಮೇಲೆ 4.71ರಿಂದ ಭಾಗಿಸಬೇಕು.

ಸೋಡಿಯಂ ಬೆಂಜೊಯೇಟ್, ಸಿಟ್ರೇಟ್ ಹಾಕುವ ಮುಂಚೆಯೇ ಅಳೆಯುತ್ತೇನೆ. ಅಯಾನುಗಳು ಸ್ಟೀಲಿನ ಮೇಲೆ ಜಮೆಯಾದರೆ ಧಾರಕತೆ ಸುಳ್ಳಾಗಿ ಏರುತ್ತದೆ, ಕಡಿಮೆ ಆವರ್ತನದಲ್ಲಿ ಇನ್ನೂ ಜಾಸ್ತಿ. 100 ಕಿಲೊಹರ್ಟ್ಸ್‌ನಲ್ಲೂ ಒಮ್ಮೆ ಓದಿ. ಎರಡೂ ಹೊಂದದಿದ್ದರೆ ಆ ಮಾದರಿ ನಂಬಬೇಡಿ.

ಮಿಶ್ರಣವನ್ನು ತೂಗಿಯೇ ಮಾಡಿ. 50 ಮಿಲಿಲೀಟರ್ ಎಥನಾಲ್, 50 ನೀರು ಸೇರಿದರೆ 100 ಆಗದು, ಸುಮಾರು 96-97ಕ್ಕೆ ಕುಗ್ಗುತ್ತದೆ. 20 ಭಾಗ ಎಥನಾಲ್, 20 ಗ್ಲೈಕಾಲ್ (ಇದರ ಸ್ಥಿರಾಂಕ 32), 60 ನೀರಿಗೆ ಸರಾಸರಿ ಲೆಕ್ಕ 58.3 ಕೊಡುತ್ತದೆ, ಆದರೆ ಅದು ಅಂದಾಜು ಮಾತ್ರ.

ಗ್ಲಿಸರಿನ್ ಇದ್ದರೆ ಗುಳ್ಳೆಯದೇ ಕಾಟ. ಒಳಗಿನ ಕೊಳವೆಗೆ ಸಾಸಿವೆ ಗಾತ್ರದ ಗುಳ್ಳೆ ಅಂಟಿ ಕೂತರೆ ಓದು ಇಳಿಯುತ್ತದೆ. ವ್ಯಾಕ್ಯೂಮ್ ಹಾಕಿದರೆ ಎಥನಾಲ್ ಹಾರಿಹೋಗುತ್ತದೆ. ಮುಚ್ಚಿಟ್ಟು ಕಾಯುವುದೇ ಸರಿ. ತೆರೆದಿಟ್ಟ ಗ್ಲಿಸರಿನ್ ಗಾಳಿಯ ತೇವ ಹೀರಿ ಓದನ್ನು ಏರಿಸುತ್ತದೆ.

ಸ್ಥಿರಾಂಕ ಒಂದೇ ಆದ ಎರಡು ಮಿಶ್ರಣಗಳಲ್ಲಿ ಔಷಧ ಒಂದೇ ಪ್ರಮಾಣದಲ್ಲಿ ಕರಗುತ್ತದೆಂಬ ಖಾತ್ರಿಯಿಲ್ಲ. ಹತ್ತಿರ ಬಂದ ಮಿಶ್ರಣಕ್ಕೆ ಔಷಧ ಹಾಕಿ ಫ್ರಿಜ್‌ನಲ್ಲಿಟ್ಟು, ತಳದಲ್ಲಿ ಹರಳು ಕೂತಿದೆಯೇ ನೋಡಲೇಬೇಕು.

ಸೆಲ್ಲನ್ನು ಮೊದಲು ನೀರಿನಲ್ಲಿ, ನಂತರ ಎಥನಾಲ್‌ನಲ್ಲಿ ತೊಳೆದು ಒಣಗಿಸಿ. ಖಾಲಿ ಓದು ಮತ್ತೆ 6.80ಕ್ಕೆ ಬರದಿದ್ದರೆ ಗ್ಲಿಸರಿನ್ ಪೊರೆ ಇನ್ನೂ ಇದೆ, ಇನ್ನೊಮ್ಮೆ ತೊಳೆಯಿರಿ.