ಅಪ್ಪನ ಶ್ವಾಸಕೋಶದ ಆಪರೇಷನ್ನಿಗೆ ಮುಂಚಿನ ತಯಾರಿ

ಕ್ಯಾನ್ಸರಿಗೆ ಕೊಡುವ ಕೀಮೋ ಮುಗಿದ ಮೇಲೆ ಆಪರೇಷನ್ ಸಾಮಾನ್ಯವಾಗಿ 4ರಿಂದ 6 ವಾರಕ್ಕೆ. ಕಾರವಾರ, ಶಿರಸಿಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡುವಾಗ ಸಿಟಿ ಸ್ಕ್ಯಾನಿನ ರಿಪೋರ್ಟ್ ಮಾತ್ರ ಸಾಲದು; ಸಿ.ಡಿ., ಬಯಾಪ್ಸಿಯ ಸ್ಲೈಡ್, ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿದ್ದು) ಎಲ್ಲ ಬೇಕು. ಮರೆತರೆ ಮತ್ತೊಂದು ಓಡಾಟ ಗ್ಯಾರಂಟಿ.

ಗಡ್ಡೆ ಕುಗ್ಗಿದೆಯೇ ಎಂಬುದಷ್ಟೇ ಅಲ್ಲ, ಕತ್ತರಿಸಿ ಉಳಿಯುವ ಶ್ವಾಸಕೋಶ ಸಾಕೇ ಎಂಬುದನ್ನೂ ಸರ್ಜನ್ ನೋಡುತ್ತಾರೆ. ಅದಕ್ಕೇ ಪಿಎಫ್‌ಟಿ, ಅಂದರೆ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ. ಮನೆಯಲ್ಲಿ ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಈಗಲೇ ತನ್ನಿ. ಹೆಚ್ಚಿನವರು ಅದನ್ನು ಊದುತ್ತಾರೆ, ಚೆಂಡು ಅಲುಗುವುದೇ ಇಲ್ಲ! ತುಟಿ ಬಿಗಿಹಿಡಿದು ನಿಧಾನ ಒಳಗೆಳೆಯಬೇಕು, ಚೆಂಡನ್ನು 3 ಸೆಕೆಂಡ್ ಮೇಲೆಯೇ ನಿಲ್ಲಿಸಬೇಕು. ಒಂದು ಸರದಿಗೆ 10 ಸಲ. ತಲೆ ಸುತ್ತಿದರೆ ಬಿಡಿ.

ಬೀಡಿ ಪೂರ್ತಿ ಬಂದ್. ಬಚ್ಚಲ ಒಲೆಗೆ ಬೆಂಕಿ ಹಾಕುವ ಕೆಲಸವೂ ಅವರಿಗೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ; ನೀವಾಗಿ ನಿಲ್ಲಿಸಬೇಡಿ.