ತೊಳೆಯುವುದನ್ನು ಕಲಿಯಲು ಹದಿನಾಲ್ಕು ತಿಂಗಳು

ಕಳೆದ ತಿಂಗಳು ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಮೂರು ಬೇರೆ ಬೇರೆ ದಿನ ಮೂರು ಪ್ಲೇಟ್ ಹಾಕಿದೆ. ಹೋಲಿಕೆಗೆಂದು ಔಷಧ ಹಾಕದೆ ಬಿಟ್ಟ ಕಂಟ್ರೋಲ್ ವೆಲ್‌ಗಳ (ಪ್ಲೇಟಿನ ಪುಟ್ಟ ಗುಳಿಗಳ) ರೀಡಿಂಗ್ ಮೂರು ಸಲವೂ ಶೇ. 10ರ ಆಸುಪಾಸಿನಲ್ಲಷ್ಟೇ ಏರಿಳಿಯಿತು. ಕ್ಯಾಂಡಿಡಾ ಎಂಬ ಯೀಸ್ಟ್ ಮೇಲ್ಮೈಗೆ ಅಂಟಿಕೊಂಡು ಬೆಳೆಸುವ ಪದರ, ಅಂದರೆ ಬಯೋಫಿಲ್ಮ್ ಜೊತೆ ಗುದ್ದಾಡಿದವರಿಗೆ ಇದರ ಬೆಲೆ ಗೊತ್ತು. "ಅದೆಲ್ಲ ದೊಡ್ಡ ಸಂಸ್ಥೆಗಳ ಕೆಲಸ, ನಮ್ಮಲ್ಲಿ ಕಲ್ಚರ್ ರಿಪೋರ್ಟ್ ಹೊತ್ತಿಗೆ ಸರಿಯಾಗಿ ಹೋದರೆ ಸಾಕು" ಎಂದಿದ್ದ ಹಿರಿಯರೊಬ್ಬರು ಈಗ ತಮ್ಮ ಪಿಜಿ ವಿದ್ಯಾರ್ಥಿನಿಯನ್ನು ಕಲಿಯಲು ನನ್ನ ಬಳಿಗೇ ಕಳುಹಿಸಿದ್ದಾರೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಒಂದು ಜಗಳದಿಂದ. ಐಸಿಯುನಿಂದ ಬಂದ ರಕ್ತದಲ್ಲಿ ಕ್ಯಾಂಡಿಡಾ ಟ್ರಾಪಿಕಾಲಿಸ್ ಬೆಳೆದಿತ್ತು. ಶಿಲೀಂಧ್ರದ ಔಷಧ ಫ್ಲುಕೊನಜೋಲ್‌ನ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಮಿಲಿಲೀಟರಿಗೆ 1 ಮೈಕ್ರೊಗ್ರಾಂಗಿಂತ ಕಡಿಮೆ ಬಂತು, ಸೆನ್ಸಿಟಿವ್, ಅಂದರೆ ಔಷಧಕ್ಕೆ ಬಗ್ಗುತ್ತದೆ ಎಂದು ಬರೆದುಕೊಟ್ಟೆವು. ಐದಾರು ದಿನ ಔಷಧ ಹರಿಸಿದರೂ ಕಲ್ಚರ್ ಮತ್ತೆ ಮತ್ತೆ ಪಾಸಿಟಿವ್. ನಿಮ್ಮ ರಿಪೋರ್ಟೇ ತಪ್ಪು ಎಂದು ಮೇಲಿಂದ ಮಾತು ಕೇಳಬೇಕಾಯಿತು. ಕೊನೆಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ್ದ ಟ್ಯೂಬ್) ತೆಗೆದರು. ಎರಡೇ ದಿನಕ್ಕೆ ರಕ್ತ ಚೊಕ್ಕವಾಯಿತು. ನಾವು ಪರೀಕ್ಷಿಸಿದ್ದು ದ್ರವದಲ್ಲಿ ತೇಲುವ ಕೋಶಗಳನ್ನು. ರೋಗಿಯೊಳಗೆ ಕುಳಿತಿದ್ದ ಕೋಶಗಳು ಟ್ಯೂಬಿನ ಒಳಗೋಡೆಗೆ ಬಾವಿಕಲ್ಲಿನ ಪಾಚಿಯಂತೆ ಕಚ್ಚಿಕೊಂಡಿದ್ದವು. ಹಾಗಾದರೆ ಆ ಪಾಚಿಯ ಮೇಲೆಯೇ ಔಷಧ ಸುರಿದು ನೋಡೋಣ ಎಂಬ ಹಟ ನನಗೆ ಹುಟ್ಟಿತು.

ವಿಧಾನ ಲ್ಯಾಬಿನವರಿಗೆಲ್ಲ ಗೊತ್ತಿರುವುದೇ: 96 ವೆಲ್‌ಗಳ ಪ್ಲೇಟ್, ಆರ್‌ಪಿಎಂಐ ಎಂಬ ಪೋಷಕ ದ್ರವ, ಮಿಲಿಲೀಟರಿಗೆ 10 ಲಕ್ಷ ಕೋಶ, 37 ಡಿಗ್ರಿಯಲ್ಲಿ 24 ಗಂಟೆ, ತೊಳೆತ, ಔಷಧ, ಇನ್ನೊಂದು ದಿನ, ಆಮೇಲೆ ಎಕ್ಸ್‌ಟಿಟಿ (ಬದುಕಿರುವ ಕೋಶಗಳು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಾಸಾಯನಿಕ). ಓದಿದರೆ ಅರ್ಧ ಪುಟ. ಮಾಡಲು ಹೋದರೆ ಮೊದಲ ಎಂಟು ತಿಂಗಳು ಒಂದು ಪ್ಲೇಟೂ ಇನ್ನೊಂದರಂತೆ ಬರಲಿಲ್ಲ.

ಮೊದಲ ತಪ್ಪು ಎಣಿಕೆಯದು. ಎಂಐಸಿ ಮಾಡಿದ ಕೈಯಲ್ಲವೇ, 0.5 ಮ್ಯಾಕ್‌ಫರ್ಲ್ಯಾಂಡ್ (ದ್ರವದ ಕಲಕಿನ ಒಂದು ಅಳತೆ) ಕಣ್ಣಳತೆಯಲ್ಲೇ ಹೊಂದಿಸಿದೆ. ಯೀಸ್ಟ್‌ಗೆ ಆ ಕಲಕಿನ ಅರ್ಥ ಮಿಲಿಲೀಟರಿಗೆ 10ರಿಂದ 50 ಲಕ್ಷ. ಐದು ಪಟ್ಟು ಹೆಚ್ಚುಕಡಿಮೆ! ಪಕ್ಕದ ಹೆಮಟಾಲಜಿಯಿಂದ ಕೋಶ ಎಣಿಸುವ ಗಾಜು, ನ್ಯೂಬಾವರ್ ಚೇಂಬರ್ ಕಡ ತಂದು ಎಣಿಸತೊಡಗಿದ ಮೇಲೆ ಅರ್ಧ ತಲೆನೋವು ಇಳಿಯಿತು. ಚೇಂಬರನ್ನು ಇನ್ನೂ ಹಿಂದಿರುಗಿಸಿಲ್ಲ.

ಎರಡನೆಯದು ತೊಳೆತ. ಇಂಥದೇ ಪ್ಲೇಟಿನಲ್ಲಿ ಮಾಡುವ ಎಲೈಸಾ ಪರೀಕ್ಷೆಯ ಅಭ್ಯಾಸದಲ್ಲಿ ಪ್ಲೇಟನ್ನು ಮಗುಚಿ ಟಿಶ್ಯೂ ಕಾಗದದ ಮೇಲೆ ರಪ್ಪನೆ ಬಡಿಯುತ್ತಿದ್ದೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಹೇಗೋ ತಡೆದುಕೊಂಡಿತು. ಟ್ರಾಪಿಕಾಲಿಸ್ ಪದರ ಇಡಿಯಾಗಿ ಎದ್ದು ಕಾಗದಕ್ಕೆ ಬಂತು. ಅಂಥ ವೆಲ್‌ನಲ್ಲಿ ರೀಡಿಂಗ್ ಇಳಿದಿದ್ದನ್ನು ಕಂಡು "ಔಷಧ ಕೆಲಸ ಮಾಡಿದೆ" ಎಂದು ಒಮ್ಮೆ ಸಿಹಿ ಹಂಚಿಯೂ ಆಗಿತ್ತು. ಈಗ ಪ್ಲೇಟನ್ನು ಓರೆಯಾಗಿ ಹಿಡಿದು, ಪಿಪೆಟ್ ತುದಿಯನ್ನು ಗೋಡೆಗೆ ಆನಿಸಿ, ತಳ ಮುಟ್ಟದೆ ಎಳೆಯುತ್ತೇನೆ. ತೊಳೆಯುವ ಉಪ್ಪಿನ ದ್ರಾವಣ ಪಿಬಿಎಸ್ ಕೂಡ ಗೋಡೆಯ ಮೇಲಿಂದಲೇ ಇಳಿಯಬೇಕು. ತುದಿಯನ್ನು ನಾನು ಒಂದು ರೀತಿಯಲ್ಲಿ ಕತ್ತರಿಸಿಕೊಳ್ಳುತ್ತೇನೆ. ಅದನ್ನು ನೋಡಬೇಕಾದರೆ ಲ್ಯಾಬಿಗೇ ಬರಬೇಕು.

ಅಂಚಿನ 36 ವೆಲ್‌ಗಳನ್ನು ಪೂರ್ತಿ ಬಿಟ್ಟುಬಿಟ್ಟೆ. ಅಲ್ಲಿ ದ್ರವ ಆರುತ್ತದೆ, ಬರೀ ಸ್ಟೆರೈಲ್ ನೀರು ತುಂಬುತ್ತೇನೆ. ಉಳಿದ 60ರಲ್ಲಿ ಕೆಲಸ. ದುಂದು ಎಂದು ಸ್ಟೋರಿನವರು ಗೊಣಗಿದರು. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ರಾತ್ರಿಯಿಡೀ ಆರಿದ ಕಥೆ ಬೇಡ, ಅದು ಎಲ್ಲರ ಮನೆಯ ಕಥೆ.

ಹಣದ ಮಾತಿಗೆ ಬರುತ್ತೇನೆ. 100 ಮಿಲಿಗ್ರಾಂ ಎಕ್ಸ್‌ಟಿಟಿಗೆ ನೆನಪಿರುವಂತೆ ಎಂಟೊಂಬತ್ತು ಸಾವಿರ ಕೊಟ್ಟೆ. ವೆಲ್‌ಗೆ 50 ಮೈಕ್ರೊಗ್ರಾಂ ಲೆಕ್ಕದಲ್ಲಿ ಮೂವತ್ತಮೂರು ಪ್ಲೇಟ್ ಬರಬೇಕಿತ್ತು, ಹದಿನೈದೂ ಬರಲಿಲ್ಲ. ಕರಗಿಸಿದ್ದನ್ನು ಬೆಳಕಿನಲ್ಲಿಟ್ಟು ಒಂದಿಷ್ಟು ಕೆಡಿಸಿದೆ. ಎಕ್ಸ್‌ಟಿಟಿ ಜೊತೆ ಬೆರೆಸುವ ಮೆನಡಿಯೋನ್ ಸ್ಟಾಕಿನ ಅಸಿಟೋನ್ ಆರಿಹೋದದ್ದು ತಿಳಿಯದೆ ಇನ್ನಷ್ಟು ಕಳೆದೆ. ಅಗ್ಗವೆಂದು ರೆಸಜುರಿನ್ ಎಂಬ ಬಣ್ಣವನ್ನೂ ಪ್ರಯತ್ನಿಸಿದೆ. ಕಣ್ಣಿಗೆ ಚಂದ, ನೀಲಿ ಹೋಗಿ ಗುಲಾಬಿ ಆಗುತ್ತದೆ, ಸಾಲು ಸಾಲು ಐಸೊಲೇಟ್‌ಗಳನ್ನು (ರೋಗಿಗಳಿಂದ ಬೇರ್ಪಡಿಸಿದ ತಳಿಗಳನ್ನು) ಒಮ್ಮೆ ಜಾಲಾಡಲು ಸಾಕು. ಕ್ರಿಸ್ಟಲ್ ವಯೊಲೆಟ್ ಗ್ರಾಂ ಸ್ಟೇನ್ ಕಪಾಟಿನಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಅದು ಸತ್ತ ಕೋಶಕ್ಕೂ ಲೋಳೆಗೂ ಒಂದೇ ಸಮ ಬಣ್ಣ ಹಚ್ಚುತ್ತದೆ. ಔಷಧದ ಪರಿಣಾಮಕ್ಕೆ ಅದನ್ನು ನಂಬಿದ ಪ್ರಬಂಧಗಳನ್ನು ನಾನು ಅರ್ಧಕ್ಕೇ ಮಡಚಿಡುತ್ತೇನೆ.

ಬಣ್ಣ ಅಳೆಯುವ ರೀಡರ್‌ಗೆ ಖರ್ಚಾಗಲಿಲ್ಲ. ಸೀರಾಲಜಿಯವರ ಎಲೈಸಾ ರೀಡರಿನಲ್ಲಿ ಡೆಂಗಿಗೆ 450 ನ್ಯಾನೊಮೀಟರಿನ ಫಿಲ್ಟರ್ ಓಡುತ್ತದೆ. 492ರದನ್ನು ಯಾರೂ ಮುಟ್ಟುವುದಿಲ್ಲ. ಎಕ್ಸ್‌ಟಿಟಿಗೆ 490 ಎಂದು ಬರೆದಿರುತ್ತಾರೆ, 492 ಧಾರಾಳವಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ನನ್ನ ಸರದಿ ಸಂಜೆ ಐದರ ಮೇಲೆ.

ಔಷಧಕ್ಕೆ ಶುದ್ಧ ಪುಡಿ ಕೊಳ್ಳಲು ಕಾಸಿರಲಿಲ್ಲ. ವಾರ್ಡಿನ ಫ್ಲುಕೊನಜೋಲ್ ಬಾಟಲಿಯಲ್ಲಿ ಮಿಲಿಲೀಟರಿಗೆ 2 ಮಿಲಿಗ್ರಾಂ ಇರುತ್ತದೆ. ಎರಡು ಪಟ್ಟು ಗಟ್ಟಿಯ ಆರ್‌ಪಿಎಂಐ ಜೊತೆ ಸಮ ಬೆರೆಸಿದರೆ 1000 ಮೈಕ್ರೊಗ್ರಾಂ ಸಿಕ್ಕಿತಲ್ಲ ಎಂದು ಬೀಗಿದೆ. ಬಾಟಲಿಯಲ್ಲಿ ಸಲೈನ್ ಇದೆ, ಉಪ್ಪು ವಿಪರೀತವಾಗುತ್ತದೆ ಎಂಬುದು ಹೊಳೆದದ್ದು ಎರಡು ವಾರದ ಮೇಲೆ. ಅಷ್ಟೇ ಸಲೈನ್ ಬೆರೆಸಿದ, ಔಷಧವಿಲ್ಲದ ಸಾಲೊಂದನ್ನು ಸೇರಿಸಿದ ಮೇಲೆ ಉಪ್ಪಿನ ಪಾಲು ಬೇರೆ ಕಂಡಿತು. 1000 ತಲುಪಿದರೂ ಬಯೋಫಿಲ್ಮ್‌ನ ಉಸಿರು ಅರ್ಧಕ್ಕೂ ಇಳಿಯಲಿಲ್ಲ. ಅದೇ ಐಸೊಲೇಟ್, 1ಕ್ಕಿಂತ ಕಡಿಮೆ ಎಂಐಸಿಯದು! ಆ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಐಸಿಯು ಗೋಡೆಗೆ ಅಂಟಿಸಿ ಬಂದೆ.

ಶಿಲೀಂಧ್ರದ ಇನ್ನೊಂದು ಔಷಧ ಕ್ಯಾಸ್ಪೊಫಂಗಿನ್ ದುಬಾರಿ. ಡೋಸ್ ಕೊಟ್ಟ ಮೇಲೆ ವಯಲಿನಲ್ಲಿ ಉಳಿಯುವ ತಳವನ್ನು ಸಿಸ್ಟರ್ ಒಬ್ಬರು ಎತ್ತಿಟ್ಟು ಕೊಡುತ್ತಿದ್ದರು. ಮಿಲಿಲೀಟರಿಗೆ 1 ಮೈಕ್ರೊಗ್ರಾಂನ ಕೆಳಗೇ ಪದರ ಸತ್ತಿತು, ಆದರೆ 16ರ ವೆಲ್‌ನಲ್ಲಿ ಮತ್ತೆ ಬಣ್ಣ! ಕಂಟ್ಯಾಮಿನೇಷನ್ (ಹೊರಗಿನ ಕ್ರಿಮಿ ಸೇರಿದೆ) ಎಂದು ಪ್ಲೇಟ್ ಹಾಕುವ ಹುಡ್ ತಿಕ್ಕಿ ತೊಳೆದು, ವಿದ್ಯಾರ್ಥಿಗಳನ್ನು ಗದರಿ, ಹದಿನೈದು ದಿನ ಹಾಳು ಮಾಡಿದೆ. ಹೆಚ್ಚು ಸಾಂದ್ರತೆಯಲ್ಲಿ ಮರಳಿ ಬೆಳೆಯುವುದು ಈ ಔಷಧದ ಹಳೆಯ ಚಾಳಿ ಎಂಬುದು ಆಮೇಲೆ ನೆನಪಾಯಿತು. ವಿದ್ಯಾರ್ಥಿಗಳಿಗೆ ಕಾಫಿ ಕೊಡಿಸಿದೆ.

ನಡುವೆ ಅರಿಸಿನದ ಸಾರ ಹಾಕೋಣ ಎಂದು ಒಬ್ಬ ಹುಡುಗ ಗಂಟುಬಿದ್ದ. ಹಾಕಿದೆವು. ಕೋಶವೇ ಇಲ್ಲದ ವೆಲ್‌ನಲ್ಲೂ ಎಕ್ಸ್‌ಟಿಟಿ ಕಿತ್ತಳೆಯಾಯಿತು. ಗಿಡಮೂಲಿಕೆಯ ಸಾರಗಳು ತಾವೇ ಈ ಬಣ್ಣ ಬರಿಸಬಲ್ಲವು. ಕೋಶವಿಲ್ಲದ ಸಾಲು ಇಡದೆ ಅವನ್ನು ಪರೀಕ್ಷಿಸಬೇಡಿ.

ಈಗ ಕ್ಯಾತಿಟರ್ ತುಂಡುಗಳ ಮೇಲೆ ಬೆಳೆಸುತ್ತಿದ್ದೇನೆ. ಸಿಲಿಕೋನ್ ತುಂಡನ್ನು ಹಿಂದಿನ ರಾತ್ರಿ ಸೀರಂನಲ್ಲಿ ನೆನೆಸಬೇಕು. ದೋಸೆ ಹೆಂಚನ್ನು ಅಂಟದಂತೆ ಪಳಗಿಸುತ್ತೇವೆ, ಇದನ್ನು ಅಂಟುವಂತೆ ಪಳಗಿಸಬೇಕು. ತುಂಡು ತೇಲದಂತೆ ತಳದಲ್ಲಿ ಹೇಗೆ ನಿಲ್ಲಿಸುತ್ತೇನೆ ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳುವುದಿಲ್ಲ.

ಮೊನ್ನೆ ಅದೇ ಐಸಿಯುನಿಂದ ಫೋನ್ ಬಂತು. "ಲೈನ್ ತೆಗೆದಿದ್ದೇವೆ ಡಾಕ್ಟರ್, ತುದಿ ಬೇಕೆ?" ಎಂದರು. ಐದು ಸೆಂಟಿಮೀಟರ್ ಕತ್ತರಿಸಿ ಸ್ಟೆರೈಲ್ ಡಬ್ಬಿಯಲ್ಲಿ ಹಾಗೆಯೇ ಕಳುಹಿಸಿ, ದಯವಿಟ್ಟು ಫಾರ್ಮಲಿನ್ ಸುರಿಯಬೇಡಿ ಎಂದೆ. ಹಿಂದೊಮ್ಮೆ ಹಾಗೆಯೂ ಬಂದಿತ್ತು.